ಬೋರ್ ನೀರು, ಬಿಪಿ ಪಟ್ಟಿ ಮತ್ತು ಶಿಬಿರ ಮುಗಿದ ಮೇಲಿನ ಮೂರು ವಾರ

ಡೈರಿಗೆ ಹಾಲು ಹಾಕುವ ಹೊತ್ತು ಗೊತ್ತಿಲ್ಲದವರು ಕೋಲಾರದ ಹಳ್ಳಿಯಲ್ಲಿ ಆರೋಗ್ಯ ಶಿಬಿರದ ಹೊತ್ತು ಗೊತ್ತುಮಾಡಲು ಹೋಗಬಾರದು. ವೈದ್ಯಕೀಯ ಕಾಲೇಜಿನ ಬಸ್ಸು ಹತ್ತೂವರೆಗೆ ಬಂದು ನಿಲ್ಲುತ್ತದೆ, ಹನ್ನೊಂದಕ್ಕೆ ದೀಪ ಬೆಳಗುತ್ತಾರೆ, ಹನ್ನೊಂದೂವರೆಗೆ ಭಾಷಣ ಮುಗಿಯುತ್ತದೆ. ಅಷ್ಟರಲ್ಲಿ ಊರಿನಲ್ಲಿ ಉಳಿದಿರುವುದು ಅರವತ್ತು ದಾಟಿದವರು ಮತ್ತು ಅಂಗನವಾಡಿ ಮಕ್ಕಳು. ಬಿಪಿ ಇದ್ದೂ ಗೊತ್ತಿಲ್ಲದೆ ಓಡಾಡುತ್ತಿರುವ ಮೂವತ್ತೈದರಿಂದ ಐವತ್ತರ ಗಂಡಸರು ಟೊಮೆಟೊ ತೋಟದಲ್ಲೋ ಎಪಿಎಂಸಿಯಲ್ಲೋ ಇರುತ್ತಾರೆ. ಯಾರನ್ನು ಹುಡುಕಿಕೊಂಡು ಬಂದರೋ ಅವರೊಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಸಾಲಿನಲ್ಲಿ ನಿಂತಿರುತ್ತಾರೆ.

ಬೆಳಗಿನ ಹಾಲು ಹಾಕಿ ಜನ ಕ್ಯಾನು ಹಿಡಿದು ವಾಪಸಾಗುವ ಹೊತ್ತಿಗೆ, ಅಂದರೆ ಏಳರ ಆಸುಪಾಸಿಗೆ, ಡೈರಿ ಎದುರಿಗೇ ಎರಡು ಮೇಜು ಹಾಕಿದರೆ ಒಂಬತ್ತೂವರೆಗೆ ಮುಖ್ಯ ಕೆಲಸ ಮುಗಿಯುತ್ತದೆ. ಸಂಜೆಯ ಹಾಲಿನ ಹೊತ್ತೂ ಆದೀತು. ಸಂತೆಯ ದಿನ ಬೇಡ. ಶ್ರೀನಿವಾಸಪುರದ ಕಡೆ ಮೇ, ಜೂನ್‌ನಲ್ಲಿ ಮಾವಿನ ಕೆಲಸ ಇರುವಾಗ ಬೇಡವೇ ಬೇಡ. ಮುಳಬಾಗಿಲು, ಬಾಗೇಪಲ್ಲಿ, ಪಾವಗಡದ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು ಎಂಬುದನ್ನೂ ಮೊದಲೇ ನೆನಪಿಟ್ಟುಕೊಳ್ಳಬೇಕು. ಪಂಚಾಯಿತಿಯಲ್ಲಿ ಕನ್ನಡ ಮಾತಾಡುವ ಅಜ್ಜಿಯೇ ತನ್ನ ಸೊಂಟನೋವನ್ನು ತೆಲುಗಿನಲ್ಲಿ ಹೇಳಿಕೊಳ್ಳುತ್ತಾಳೆ. ತಂಡದಲ್ಲಿ ತೆಲುಗು ಬಲ್ಲ ಒಬ್ಬರಾದರೂ ಇಲ್ಲದಿದ್ದರೆ ಅರ್ಧ ಕಾಯಿಲೆ 'ಮೈಕೈ ನೋವು' ಎಂಬ ಒಂದೇ ಪದದೊಳಗೆ ಮುಚ್ಚಿಹೋಗುತ್ತದೆ.

ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಊರಿಗೆ ಬರುವುದಕ್ಕೆ ಈಗ ಹಲವು ದಾರಿಗಳಿವೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿಯ ವೈದ್ಯಕೀಯ ಕಾಲೇಜಾಗಲಿ, ಕೋಲಾರದ ಟಮಕದಲ್ಲೋ ತುಮಕೂರಿನಲ್ಲೋ ಇರುವ ಡೀಮ್ಡ್ ವಿಶ್ವವಿದ್ಯಾಲಯವಾಗಲಿ, ಎಲ್ಲಕ್ಕೂ ಗ್ರಾಮೀಣ ಆರೋಗ್ಯ ತರಬೇತಿ ಕೇಂದ್ರ ಇರಲೇಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಕುಟುಂಬ ದತ್ತು ಕಾರ್ಯಕ್ರಮ ತಂದಮೇಲೆ ಎಂಬಿಬಿಎಸ್ ಮೊದಲ ವರ್ಷದಿಂದಲೇ ಪ್ರತಿ ವಿದ್ಯಾರ್ಥಿಗೂ ಕೆಲವು ಮನೆಗಳ ಜವಾಬ್ದಾರಿ ಬಂದಿದೆ. ಬೀದಿನಾಟಕ, ಶಾಲಾ ತಪಾಸಣೆ, ಕಣ್ಣಿನ ಶಿಬಿರ ಮೊದಲಿನಿಂದಲೂ ಇವೆ. ಇವುಗಳಲ್ಲಿ ಮನೆ ದತ್ತು ಪಡೆಯುವುದು ನನಗೆ ಹೆಚ್ಚು ಒಪ್ಪಿಗೆ, ಯಾಕೆಂದರೆ ಅದೊಂದರಲ್ಲೇ ಮತ್ತೆ ಅದೇ ಮನೆಯ ಬಾಗಿಲು ತಟ್ಟಲೇಬೇಕು. ಮಿಕ್ಕವುಗಳಲ್ಲಿ ಬಸ್ಸು ಹೊರಟರೆ ಸಂಬಂಧ ಮುಗಿಯಿತು.

ನಮ್ಮ ಬಯಲುಸೀಮೆಯಲ್ಲಿ ಜನರ ಜೊತೆ ಮಾತು ಶುರುಮಾಡಲು ನೀರಿಗಿಂತ ಒಳ್ಳೆಯ ವಿಷಯ ಇಲ್ಲ. 'ನಿಮಗೆ ಶುಗರ್ ಇದೆಯಾ' ಅಂದರೆ ಜನ ಹಿಂದೆ ಸರಿಯುತ್ತಾರೆ. 'ನಿಮ್ಮ ಬೋರ್ ನೀರಲ್ಲಿ ಫ್ಲೋರೈಡ್ ಎಷ್ಟಿದೆ, ನೋಡೋಣವಾ' ಅಂದರೆ ಬಾಟಲಿ ಹಿಡಿದು ಓಡಿಬರುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪೂರ್ವ ಭಾಗದ ನೆಲದಡಿ ಇರುವುದು ಗಟ್ಟಿ ಗ್ರಾನೈಟು ಮತ್ತು ನೈಸ್ (gneiss) ಎಂಬ ಕಲ್ಲು. ಆ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಷ್ಟೂ, ಅದರಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಬೈಕಾರ್ಬನೇಟ್ ಹೆಚ್ಚಾದಷ್ಟೂ, ಫ್ಲೋರೈಡ್ ಕರಗಿ ಸೇರುತ್ತದೆ. ಪಕ್ಕಪಕ್ಕದ ಎರಡು ಬೋರ್‌ಗಳಲ್ಲೂ ಲೆಕ್ಕ ಒಂದೇ ಇರುವುದಿಲ್ಲ, ಅದಕ್ಕೇ 'ನಮ್ಮೂರ ನೀರು ಚೆನ್ನಾಗಿದೆ' ಎಂಬ ಮಾತಿಗೆ ಅರ್ಥವಿಲ್ಲ. ಯಾವ ಬೋರು ಎಂದು ಕೇಳಬೇಕು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು.

ಸ್ಯಾಂಪಲ್ ತೆಗೆಯುವುದರಲ್ಲೇ ಮೊದಲ ತಪ್ಪಾಗುತ್ತದೆ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನ ಜೊತೆ ವರ್ತಿಸುತ್ತದೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ಚೆಲ್ಲಿ ಆಮೇಲೆ ತುಂಬಬೇಕು. ಮೋಟಾರು ಹಾಕಿ ಐದು ನಿಮಿಷವಾದರೂ ಹರಿಯಲು ಬಿಡಬೇಕು. ಪೈಪಿನಲ್ಲಿ ರಾತ್ರಿಯೆಲ್ಲ ನಿಂತ ನೀರು ಬೋರಿನ ನೀರಲ್ಲ, ಪೈಪಿನ ನೀರು. ಓವರ್‌ಹೆಡ್ ಟ್ಯಾಂಕಿನಿಂದ ತೆಗೆದರೆ ಟ್ಯಾಂಕಿನಿಂದ ಎಂದೇ ಬರೆಯಬೇಕು, ಯಾಕೆಂದರೆ ಎರಡು ಮೂರು ಬೋರಿನ ನೀರು ಅಲ್ಲಿ ಕಲೆತಿರುತ್ತದೆ. ಚೀಟಿಯಲ್ಲಿ ತಾರೀಕು, ಬೋರಿನ ಗುರುತು, ತೆಗೆದವರ ಹೆಸರು ಇರಬೇಕು. 'ದೇವಸ್ಥಾನದ ಹಿಂದಿನದು' ಎಂದು ಬರೆದರೆ ಸಾಕು, ಆದರೆ ಊರಿನಲ್ಲಿ ಎರಡು ದೇವಸ್ಥಾನ ಇದ್ದರೆ ಯಾವುದೆಂದೂ ಬರೆಯಬೇಕು. ಹೀಗೆ ಬರೆಯದೆ ಹೋದ ಬಾಟಲಿಗಳೇ ಲ್ಯಾಬಿನ ಮೂಲೆಯಲ್ಲಿ ಅನಾಥವಾಗಿ ಬಿದ್ದಿರುತ್ತವೆ.

ಪರೀಕ್ಷೆಗೆ ಎರಡು ದಾರಿ. ಸ್ಥಳದಲ್ಲೇ ಮಾಡುವ ಕಿಟ್‌ನಲ್ಲಿ ಬಣ್ಣ ಬದಲಾಗುವುದನ್ನು ಚಾರ್ಟಿಗೆ ಹಿಡಿದು ನೋಡಬೇಕು. ಟ್ಯೂಬ್‌ಲೈಟಿನಡಿ ಒಂದು ಬಣ್ಣ, ಬಿಸಿಲಿನಲ್ಲಿ ಇನ್ನೊಂದು ಬಣ್ಣ ಕಾಣುತ್ತದೆ, ಹಾಗಾಗಿ ನೆರಳಿರುವ ಹಗಲ ಬೆಳಕಿನಲ್ಲಿ, ಇಬ್ಬರು ನೋಡಿ ಹೇಳಬೇಕು. ರಾಸಾಯನಿಕದ ಅವಧಿ ಮುಗಿದಿದ್ದರೆ ಎಲ್ಲ ಬೋರ್‌ಗಳೂ ಒಂದೇ ಸಂಖ್ಯೆ ತೋರಿಸಬಹುದು, ಅದೇ ಅನುಮಾನಕ್ಕೆ ಮೊದಲ ಗುರುತು. ಕಿಟ್‌ನಲ್ಲಿ 1ರ ಮೇಲೆ ಬಂದ ಸ್ಯಾಂಪಲ್‌ಗಳನ್ನೆಲ್ಲ ಕಾಲೇಜಿನ ಲ್ಯಾಬಿಗೆ ತಂದು ಫ್ಲೋರೈಡನ್ನೇ ಅಳೆಯುವ ಅಯಾನ್ ಎಲೆಕ್ಟ್ರೋಡ್‌ನಲ್ಲಿ ಮತ್ತೆ ನೋಡಬೇಕು, ಅಳತೆ ತಪ್ಪದಂತೆ ಬಫರ್ ದ್ರಾವಣ ಸಮಪಾಲು ಬೆರೆಸಿ. ಕೊನೆಗೆ ಬೋರಿನ ಪಕ್ಕದ ಗೋಡೆಯ ಮೇಲೆ ಬರೆಯುವುದು ಲ್ಯಾಬಿನ ಸಂಖ್ಯೆಯನ್ನು ಮಾತ್ರ. ಜಲ ಜೀವನ್ ಮಿಷನ್ ಬಂದಮೇಲೆ ಪ್ರತಿ ಹಳ್ಳಿಯಲ್ಲೂ ಐದು ಮಂದಿ ಹೆಂಗಸರಿಗೆ ಕಿಟ್ ಬಳಸುವ ತರಬೇತಿ ಕೊಡಬೇಕೆಂದಿದೆ. ಕಾಲೇಜಿನವರು ಹೊಸ ತಂಡ ಕಟ್ಟುವ ಮೊದಲು ಆ ಐವರು ಯಾರೆಂದು ಪಂಚಾಯಿತಿಯಲ್ಲಿ ವಿಚಾರಿಸುವುದು ಮೇಲು. ನಿಮ್ಮ ಬಸ್ಸು ಹೋದಮೇಲೆ ಊರಿನಲ್ಲಿ ಉಳಿಯುವವರು ಅವರೇ.

ಈಗ ಎಲ್ಲ ಕಡೆ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಅದರ ಪಕ್ಕದಲ್ಲೊಬ್ಬರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ 'ನೋಡಿ ಸಾರ್, 60 ಇದೆ, ಫ್ಲೋರೈಡ್ ಇಲ್ಲ' ಅನ್ನುತ್ತಾರೆ. ಆ ಪೆನ್ನು ಫ್ಲೋರೈಡ್ ಅಳೆಯುವುದೇ ಇಲ್ಲ, ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಂದಾಜು ಕೊಡುತ್ತದೆ ಅಷ್ಟೆ. ಇದಕ್ಕಿಂತ ದೊಡ್ಡ ತಪ್ಪು ಕಲ್ಪನೆ ಕುದಿಸುವುದು. ಶಾಲೆಯಲ್ಲಿ ತೋರಿಸಲು ಇದರಷ್ಟು ಸುಲಭದ ಪ್ರಯೋಗ ಇನ್ನೊಂದಿಲ್ಲ: 2 ಲೀಟರ್ ಬೋರ್ ನೀರನ್ನು ಮಕ್ಕಳ ಎದುರಿಗೇ 1 ಲೀಟರಿಗೆ ಬತ್ತಿಸಿ, ಮುಂಚಿನದು ಮತ್ತು ಬತ್ತಿದ್ದು ಎರಡನ್ನೂ ಕಿಟ್‌ನಲ್ಲಿ ನೋಡಿ. ಇಳಿಯುವುದಿಲ್ಲ, ಏರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ತಪ್ಪಲೆಯಲ್ಲೇ ಉಳಿಯುತ್ತದೆ. ಕ್ಯಾಂಡಲ್ ಫಿಲ್ಟರು, ಯುವಿ ದೀಪ ಇವೂ ಫ್ಲೋರೈಡಿಗೆ ಏನೂ ಮಾಡುವುದಿಲ್ಲ.

ಇನ್ನೊಂದು ವಿಷಯ ಯಾವ ಭಾಷಣದಲ್ಲೂ ಬರುವುದಿಲ್ಲ, ಅಡುಗೆಮನೆಗೆ ಹೋದರೆ ಮಾತ್ರ ಕಾಣುತ್ತದೆ. ಕುಡಿಯಲು ಕ್ಯಾನಿನ ನೀರು, ಅಡುಗೆಗೆ ಬೋರ್ ನೀರು. ಮುದ್ದೆಯ ಎಸರು, ಅನ್ನ, ಸಾರು, ಕಾಫಿ ಎಲ್ಲವೂ ನಲ್ಲಿಯದು. ಲೆಕ್ಕಕ್ಕೆಂದು ಹಿಡಿಯೋಣ: ಬೋರಿನಲ್ಲಿ ಲೀಟರಿಗೆ 2.4 ಮಿ.ಗ್ರಾಂ, ಕ್ಯಾನಿನ ನೀರಿನಲ್ಲಿ 0.3. ಒಬ್ಬರು ದಿನಕ್ಕೆ 3 ಲೀಟರ್ ಕುಡಿದರೆ 0.9 ಮಿ.ಗ್ರಾಂ. ಅವರ ಊಟದಲ್ಲಿ 1.5 ಲೀಟರ್ ನೀರು ಸೇರಿದರೆ 3.6 ಮಿ.ಗ್ರಾಂ. ದುಡ್ಡು ಕೊಟ್ಟು ಕ್ಯಾನು ಹೊತ್ತು ತಂದರೂ ಐದರಲ್ಲಿ ನಾಲ್ಕು ಪಾಲು ಒಲೆಯ ಕಡೆಯಿಂದ ಬಂತು. ಎಸರಿಗೂ ಕ್ಯಾನಿನ ನೀರು ಹಾಕಿ, ಪಾತ್ರೆ ತೊಳೆಯಲು ಬೋರ್ ನೀರು ಇಟ್ಟುಕೊಳ್ಳಿ ಎಂದು ಹೇಳಿದರೆ ಹೆಂಗಸರಿಗೆ ಒಡನೆ ತಿಳಿಯುತ್ತದೆ. ಘಟಕದಿಂದ ಹೊರಬೀಳುವ ತ್ಯಾಜ್ಯ ನೀರನ್ನು ದನದ ತೊಟ್ಟಿಗೆ ಬಿಡುವ ಊರುಗಳೂ ಇವೆ. ಅದರಲ್ಲಿ ಮೂಲ ಬೋರಿಗಿಂತ ಹೆಚ್ಚು ಫ್ಲೋರೈಡ್ ಇರುತ್ತದೆ, ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಡುವ ಫ್ಲೋರೋಸಿಸ್ ದನಕ್ಕೂ ಬರುತ್ತದೆ.

ಮಳೆ ನೀರಿನ ಮಾತನ್ನು ಉಪದೇಶವಾಗಿ ಹೇಳಬೇಡಿ, ಲೆಕ್ಕವಾಗಿ ಹೇಳಿ. ಕೋಲಾರದಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ ಮಳೆ. 50 ಚದರ ಮೀಟರ್ ಆರ್‌ಸಿಸಿ ಮಾಳಿಗೆ ಇದ್ದರೆ, ಐದನೇ ಒಂದು ಪಾಲು ಪೋಲಾದರೂ 28,000 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು ಮತ್ತು ಅಡುಗೆಗೆ ತಲಾ 5 ಲೀಟರ್ ಎಂದರೆ ವರ್ಷಕ್ಕೆ 9,125 ಲೀಟರ್. ನೀರು ಸಾಲದೆ ಹೋಗುವುದಿಲ್ಲ, ಇಡಲು ಜಾಗ ಸಾಲುವುದಿಲ್ಲ. 5,000 ಲೀಟರಿನ ಮುಚ್ಚಿದ ತೊಟ್ಟಿ ಇದ್ದರೆ 200 ದಿನ. ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ಕವಾಟ ಇಡದೆ ಕಟ್ಟಿದರೆ ಹಕ್ಕಿಯ ಹಿಕ್ಕೆ ಸಮೇತ ಎಲ್ಲ ಒಳಗೆ ಹೋಗುತ್ತದೆ, ಮುಂದಿನ ತಿಂಗಳು ವಾಂತಿಭೇದಿಗೆ ಮಳೆ ನೀರನ್ನು ಬೈಯುತ್ತಾರೆ. ಈ ಮಾತು ಬಂದಾಗ ಯಾರಾದರೊಬ್ಬರು ಕೆ.ಸಿ. ವ್ಯಾಲಿ ಯೋಜನೆಯ ನೀರಿನ ವಿಷಯ ಎತ್ತೇ ಎತ್ತುತ್ತಾರೆ. 2018ರಿಂದ ಕೆರೆಗಳಿಗೆ ಬರುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲ ಏರಿಸಲೆಂದು. ಕುಡಿಯಲು ಅಲ್ಲ. ಇಷ್ಟನ್ನು ನೇರವಾಗಿ ಹೇಳಿ ಮುಂದಕ್ಕೆ ಹೋಗುವುದು ಒಳ್ಳೆಯದು, ಶಿಬಿರದಲ್ಲಿ ರಾಜಕೀಯ ಶುರುವಾದರೆ ಬಿಪಿ ನೋಡಿಸಲು ಬಂದವರ ಬಿಪಿಯೂ ಏರುತ್ತದೆ.

ಹಲ್ಲಿನ ಕಂದು ಗೆರೆ ಹಲ್ಲುಜ್ಜದ್ದರಿಂದ ಬಂದದ್ದಲ್ಲ. ಸುಮಾರು ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ ಫ್ಲೋರೈಡಿನಿಂದ ಬಂದದ್ದು. ಇದನ್ನು ತರಗತಿಯಲ್ಲಿ ಮೇಷ್ಟರ ಎದುರಿಗೇ ಹೇಳಬೇಕು, ಬೈಸಿಕೊಳ್ಳುವ ಮಕ್ಕಳಿಗೆ ಅಷ್ಟಾದರೂ ನ್ಯಾಯ ಸಿಗಲಿ. ಫ್ಲೋರೈಡ್ ಮೂಳೆಗೆ ಇಳಿದಿದೆಯೇ ಎಂದು ನೋಡಲು ದೊಡ್ಡವರಿಂದ ಮೂರು ಚಲನೆ ಮಾಡಿಸುತ್ತಾರೆ: ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈ ಚಾಚಿ ಮಡಿಸಿ ತಲೆಯ ಹಿಂಭಾಗ ಮುಟ್ಟುವುದು. ಆಗದಿದ್ದವರಿಗೆಲ್ಲ ಫ್ಲೋರೋಸಿಸ್ ಎಂದು ಬರೆದುಬಿಡುವುದು ಶಿಬಿರಗಳ ಚಟ. ಅರವತ್ತೈದರ ಮಂಡಿ ಸವೆದ ರೈತನೂ ಬಗ್ಗಲಾರ. ಮುಂಗೈ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ನೋಡಿದ ಮೇಲೆ ಮಾತು. ಸಾಲಿನಲ್ಲಿ ನಿಂತವರು 'ಒಂದು ಸೂಜಿ ಹಾಕಿ' ಎಂದು ಒತ್ತಾಯ ಮಾಡುತ್ತಾರೆ. ಡೈಕ್ಲೋಫೆನಾಕ್ ಚುಚ್ಚಿ ಕಳಿಸಿದರೆ ಎರಡು ದಿನ ಹೆಸರು ಬರುತ್ತದೆ. ಬಿಪಿ ಇದ್ದವರಿಗೆ, ಮೂತ್ರಪಿಂಡ ಸೋತವರಿಗೆ ಅದರಿಂದ ಆಗುವ ಹಾನಿ ಆಮೇಲೆ ಬೇರೆ ಆಸ್ಪತ್ರೆಯಲ್ಲಿ ಕಾಣುತ್ತದೆ.

ಬಿಪಿ ಮೇಜಿನ ಹತ್ತಿರ ಸ್ವಲ್ಪ ನಿಂತು ನೋಡಿ. ಬೆನ್ನಿಗೆ ಆಸರೆಯಿಲ್ಲದ ಪ್ಲಾಸ್ಟಿಕ್ ಸ್ಟೂಲು. ಎರಡು ಮೈಲಿ ನಡೆದು ಬಂದವರಿಗೆ ಕೂತ ತಕ್ಷಣ ತೋಳಿಗೆ ಪಟ್ಟಿ ಸುತ್ತುತ್ತಾರೆ. ಕೈ ಗಾಳಿಯಲ್ಲಿ ನೇತಾಡುತ್ತಿದೆ, ಪಕ್ಕದಲ್ಲಿ ಮೈಕು ಕೂಗುತ್ತಿದೆ, ಪಟ್ಟಿ ಉಬ್ಬುತ್ತಿರುವಾಗಲೇ 'ಮನೆಯಲ್ಲಿ ಎಷ್ಟು ಜನ' ಎಂದು ನೋಂದಣಿಯವರು ಕೇಳುತ್ತಿದ್ದಾರೆ. ಇದರಲ್ಲಿ ಒಂದೊಂದೂ ಸಂಖ್ಯೆಯನ್ನು ಮೇಲಕ್ಕೆ ತಳ್ಳುತ್ತದೆ. ರವಿಕೆಯ ಬಿಗಿ ತೋಳನ್ನು ಮೇಲೆ ಸುರುಳಿ ಸುತ್ತಿ ಅದರಡಿ ಪಟ್ಟಿ ಕಟ್ಟಿದರೆ ರವಿಕೆಯ ತೋಳೇ ಇನ್ನೊಂದು ಕಟ್ಟಾಗುತ್ತದೆ. ಹೆಂಗಸರಿಗೆ ಒಂದು ಪರದೆ ಬೇಕೇ ಬೇಕು. ಬೆನ್ನಿಗೆ ಆಸರೆ ಇರುವ ಎಂಟು ಕುರ್ಚಿ ಮುಂಚೆಯೇ ಸಾಲಾಗಿಟ್ಟು, ಐದು ನಿಮಿಷ ಸುಮ್ಮನೆ ಕೂತವರನ್ನು ಮಾತ್ರ ಮೇಜಿಗೆ ಕರೆಯಿರಿ. ಅರ್ಧ ಗಂಟೆಯಲ್ಲಿ ಕಾಫಿ, ಬೀಡಿ, ಹೊಗೆಸೊಪ್ಪು ಆಗಿದೆಯೇ ಕೇಳಿ. ಮೂತ್ರಕ್ಕೆ ಹೋಗಬೇಕಿದ್ದರೆ ಹೋಗಿಬರಲಿ. ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಒಂದೆರಡು ನಿಮಿಷ ಬಿಟ್ಟು ಎರಡನೇ ಸಲ ನೋಡಿ ಸರಾಸರಿ ಬರೆಯಿರಿ. ಸಣ್ಣ ಪಟ್ಟಿ ದಪ್ಪ ತೋಳಿನಲ್ಲಿ ಸುಳ್ಳಾಗಿ ಜಾಸ್ತಿ ತೋರಿಸುತ್ತದೆ, ಹಾಗಾಗಿ ಎರಡು ಅಳತೆಯ ಪಟ್ಟಿ ಇಟ್ಟುಕೊಳ್ಳಬೇಕು.

ಶುಗರ್ ಮೇಜಿನ ತಪ್ಪುಗಳು ಬೇರೆ ಜಾತಿಯವು. 'ಏನಾದರೂ ತಿಂದಿದ್ದೀರಾ' ಎಂದು ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ, ಯಾಕೆಂದರೆ ಐದೂವರೆಗೆ ಕುಡಿದ ಎರಡು ಚಮಚ ಸಕ್ಕರೆಯ ಕಾಫಿ ನಮ್ಮಲ್ಲಿ ತಿಂದದ್ದರ ಲೆಕ್ಕಕ್ಕೆ ಬರುವುದಿಲ್ಲ. 'ಕಾಫಿ ಆಯ್ತಾ' ಎಂದೇ ಕೇಳಬೇಕು. ಮಾವಿನ ಕಾಲದಲ್ಲಿ ಇನ್ನೊಂದು ವಿಚಿತ್ರ. ಹಣ್ಣು ಕೊಯ್ದು ತಿಂದ ಬೆರಳಿನ ಮೇಲಿನ ಸಕ್ಕರೆ ರಕ್ತದ ಹನಿಗೆ ಸೇರಿ ಆರೋಗ್ಯವಂತನಿಗೂ ಮುನ್ನೂರು ತೋರಿಸಬಲ್ಲದು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಅದು ಪೂರ್ತಿ ಹೋಗುವುದಿಲ್ಲ. ಒಂದು ಬಕೆಟ್ ನೀರು, ಒಂದು ಸೋಪು, ಒಣ ಬಟ್ಟೆ ಇಡಿ. ಮೊದಲ ಹನಿ ಒರೆಸಿ ಎರಡನೆಯದನ್ನು ಹಚ್ಚಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಪ್ರತಿ ಸಲವೂ ಮುಚ್ಚಿ, ಏಪ್ರಿಲ್ ಬಿಸಿಲಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಡಬ್ಬಿಯನ್ನು ಎಸೆದುಬಿಡಿ.

ಆಮೇಲೆ ಸಲಹೆ ಕೊಡುವ ಮೇಜು. 'ಮುದ್ದೆ ಬಿಡಿ' ಎಂದ ಡಾಕ್ಟರ ಮಾತನ್ನು ಕೋಲಾರದಲ್ಲಿ ಯಾರೂ ಎರಡನೇ ಸಲ ಕೇಳುವುದಿಲ್ಲ. 'ಮುದ್ದೆ ತಿಂದರೆ ಶುಗರ್ ಬರಲ್ಲ' ಎಂಬ ಊರಿನ ನಂಬಿಕೆಯೂ ಸರಿಯಲ್ಲ, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಶರ್ಕರಪಿಷ್ಟವೇ (ಕಾರ್ಬೋಹೈಡ್ರೇಟ್) ಇದೆ. ಮುದ್ದೆಯ ಗಾತ್ರ ಇಳಿಸಿ, ಬಸ್ಸಾರಿನ ಸೊಪ್ಪು ಕಾಳು ಏರಿಸಿ ಎನ್ನುವುದು ನಡೆಯುವ ಮಾತು. ರಾಗಿಯಲ್ಲಿ 100 ಗ್ರಾಮಿಗೆ 340 ಮಿ.ಗ್ರಾಂ ಮೇಲ್ಪಟ್ಟು ಕ್ಯಾಲ್ಸಿಯಂ ಇದೆ, ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಹೀರುವುದು ತಗ್ಗುತ್ತದೆ. ಫ್ಲೋರೈಡ್ ನೀರಿನ ನಾಡಿನಲ್ಲಿ ರಾಗಿ ಬಿಡಿಸುವುದು ಎರಡು ಪಟ್ಟು ಅವಿವೇಕ.

ಉಪ್ಪಿಗೆ ಗ್ರಾಂ ಹೇಳಬೇಡಿ, ಪ್ಯಾಕೆಟ್ ಹೇಳಿ. ತಲೆಗೆ ದಿನಕ್ಕೆ 5 ಗ್ರಾಂ ಒಳಗೆ ಎಂಬ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ಒಂದು ಕಿಲೋ ಪ್ಯಾಕೆಟ್ 50 ದಿನ ಬರಬೇಕು. 20 ದಿನಕ್ಕೇ ಮುಗಿದರೆ ತಲೆಗೆ 12.5 ಗ್ರಾಂ ಆಯಿತು, ಉಪ್ಪಿನಕಾಯಿ, ಹಪ್ಪಳ, ಬೇಕರಿ ಸೇರಿಸದೆ. ದನಕ್ಕೆ ಹಾಕುವ ಉಪ್ಪನ್ನು ಬೇರೆ ತೆಗೆದಿಟ್ಟು ಎಣಿಸಿ. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ ಎಂದರೆ ಸಾಕು, ಮಿಕ್ಕ ಲೆಕ್ಕ ಮನೆಯವರೇ ಹಾಕಿಕೊಳ್ಳುತ್ತಾರೆ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಕೊನೆಗೆ ಕೈಗೆ ಕೊಡುವ ಚೀಟಿಯಲ್ಲಿ ಸೋಲುತ್ತಾರೆ. ಇಂಗ್ಲಿಷಿನಲ್ಲಿ ಎರಡು ಅಕ್ಷರದ ಸಂಕ್ಷಿಪ್ತ ರೂಪ, ಕೆಳಗೆ ಓದಲಾಗದ ಸಹಿ. ಹಾಗೆಂದು 'ಅಧಿಕ ರಕ್ತದೊತ್ತಡ' ಎಂದು ಬರೆದರೂ ಅಷ್ಟೇ, ಊರಿನಲ್ಲಿ ಆ ಪದ ಯಾರ ಬಾಯಲ್ಲೂ ಇಲ್ಲ. ಮೂರು ಸಾಲು ಸಾಕು: 'ನಿಮ್ಮ ಬಿಪಿ 158/96. ಇದು ಜಾಸ್ತಿ, ಆದರೆ ಒಂದು ಸಲ ನೋಡಿ ತೀರ್ಮಾನ ಮಾಡುವಂಥದ್ದಲ್ಲ. ಬರುವ ಗುರುವಾರದೊಳಗೆ ನಿಮ್ಮ ಉಪಕೇಂದ್ರದಲ್ಲಿ ಇನ್ನೊಂದು ಸಲ ನೋಡಿಸಿ, ಈ ಚೀಟಿ ತನ್ನಿ.' 180/120 ದಾಟಿ ಎದೆನೋವು, ಉಸಿರುಕಟ್ಟು, ಕಣ್ಣು ಮಂಜು ಇದ್ದವರಿಗೆ ಚೀಟಿಯಲ್ಲ, ಆ್ಯಂಬುಲೆನ್ಸ್. ಐದು ದಿನದ ಬಿಪಿ ಮಾತ್ರೆ ಕವರಿನಲ್ಲಿ ಹಾಕಿಕೊಡುವುದಂತೂ ನಿಲ್ಲಬೇಕು. ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಯನ್ನು ಜ್ವರದ ಮಾತ್ರೆಯಂತೆ ಕೊಟ್ಟರೆ ಜನ ಅದನ್ನು ಜ್ವರದ ಮಾತ್ರೆಯಂತೆಯೇ ನಿಲ್ಲಿಸುತ್ತಾರೆ. ಅದೇ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುತ್ತದೆ ಎಂಬುದನ್ನು, ಯಾವ ದಿನ ಹೋಗಬೇಕೆಂಬುದನ್ನು ಹೇಳಿದರೆ ಹೆಚ್ಚು ಉಪಯೋಗ.

ದೊಡ್ಡಾಸ್ಪತ್ರೆಗೆ ಬನ್ನಿ ಎಂದರೆ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಎಲ್ಲಿ ನಿಲ್ಲಬೇಕೋ ತಿಳಿಯದ ಭಯ. ಯಾವ ದಿನ, ಯಾವ ಕೊಠಡಿ, ಯಾರನ್ನು ಕೇಳಬೇಕು, ರೇಷನ್ ಕಾರ್ಡ್ ಮತ್ತು ಆಧಾರ್ ತರಬೇಕು ಎಂದು ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಅದಿಲ್ಲದೆ ನೇರ ಬಂದು ವಾಪಸು ಹೋದವರು ಮತ್ತೆ ಬರುವುದಿಲ್ಲ, ಪಕ್ಕದ ಮನೆಯವರನ್ನೂ ಬರಗೊಡುವುದಿಲ್ಲ.

ಹಾಗಾಗಿ ಶಿಬಿರದ ಖರ್ಚಿನಲ್ಲಿ ಶಾಮಿಯಾನ ಕಡಿಮೆ ಮಾಡಿ ಮೂರು ವಾರದ ಪೆಟ್ರೋಲಿಗೆ ದುಡ್ಡು ಇಡಬೇಕು. ಮೊದಲ ವಾರದಲ್ಲಿ ಜಾಸ್ತಿ ಬಿಪಿ, ಶುಗರ್ ಬಂದವರ ಪಟ್ಟಿ ಆಶಾ ಕಾರ್ಯಕರ್ತೆಯ ಕೈಗೆ, ಅವರವರ ಒಪ್ಪಿಗೆ ಪಡೆದು. ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ, ಮದುವೆಗೆ ಹೆಣ್ಣು ಗಂಡು ನೋಡುತ್ತಿರುವ ಮನೆಗಳೂ ಅದರಲ್ಲಿರುತ್ತವೆ. ಎರಡನೇ ವಾರದಲ್ಲಿ ಇಬ್ಬರು ವಿದ್ಯಾರ್ಥಿಗಳು ಮನೆಗೆ ಹೋಗಿ ಮತ್ತೆ ಬಿಪಿ ನೋಡುವುದು. ಬಹಳಷ್ಟು ಮಂದಿಯದು ಇಳಿದಿರುತ್ತದೆ, ಅವರನ್ನು ಪಟ್ಟಿಯಿಂದ ತೆಗೆಯುವುದೂ ಕೆಲಸವೇ. ಮೂರನೇ ವಾರದಲ್ಲಿ ಲ್ಯಾಬಿನಿಂದ ಬಂದ ನೀರಿನ ಫಲಿತಾಂಶ ಹಿಡಿದು ಪಂಚಾಯಿತಿಯ ಪಿಡಿಓ ಹತ್ತಿರ ಹೋಗುವುದು.

ಫಲಿತಾಂಶವನ್ನು ಫೈಲಿಗೆ ಕೊಟ್ಟರೆ ಫೈಲಿನಲ್ಲೇ ಇರುತ್ತದೆ. ಪ್ರತಿ ಬೋರಿನ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದ ಗೋಡೆಗೆ ಎರಡಡಿ ಅಗಲ ಸುಣ್ಣ ಹೊಡೆಸಿ, ಎನಾಮಲ್ ಬಣ್ಣದಲ್ಲಿ ಬರೆಸಬೇಕು. 1ರ ಒಳಗಿದ್ದರೆ ಹಸಿರು, 1ರಿಂದ 1.5 ಹಳದಿ, ಮೇಲಿದ್ದರೆ ಕೆಂಪು. ಕೆಂಪು ಅಂದಾಕ್ಷಣ ಜನ ಬೋರನ್ನೇ ಮುಚ್ಚಿಸಲು ಹೊರಡುತ್ತಾರೆ, ಆದ್ದರಿಂದ ಕೆಳಗೆ 'ತೊಳೆಯಲು, ಸ್ನಾನಕ್ಕೆ ಆಗುತ್ತದೆ. ಕುಡಿಯಲು, ಎಸರಿಗೆ ಬೇಡ' ಎಂದಿರಲಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ನಿಂತಮೇಲೆ ಒಂದು ಸಲ ಸಂಖ್ಯೆ ಬದಲಾಗುತ್ತದೆ. ಅದಕ್ಕೇ ಬಣ್ಣ ಬಳಿಯುವವನಿಗೆ ಹೇಳಿ ಸಂಖ್ಯೆಯ ಜಾಗವನ್ನೂ ಕೆಳಗಿನ ಸಾಲನ್ನೂ ಕರಿಹಲಗೆ ಬಣ್ಣದಲ್ಲಿ ಬಿಡಿಸಿಕೊಳ್ಳಿ, ಆಶಾ ಅಕ್ಕ ಸೀಮೆಸುಣ್ಣದಲ್ಲಿ ಬರೆಯಬಹುದು: 'ಮುಂದಿನ ಪರೀಕ್ಷೆ: ನವೆಂಬರ್.'